ಬಾಯಲ್ಲಿ ಗುಲಗಂಜಿ ಎಲೆ, ಕೈಯಲ್ಲಿ ಕಾಕಾನ ದನಿ

ಹೊಸ ತೊಗರಿ ಹುಮನಾಬಾದಿನ ಮಾರುಕಟ್ಟೆಗೆ ಇನ್ನೇನು ಬರಬೇಕು ಎನ್ನುವಾಗ ನಮ್ಮ ಕಾಕಾನ ದನಿ ಕೂತುಬಿಟ್ಟಿತು. ಬೇರೆಯವರ ದನಿ ಕೂತರೆ ಅದು ನೆಗಡಿ. ಕಾಕಾನ ದನಿ ಕೂತರೆ ಅಂಗಡಿಯೇ ಕೂತ ಹಾಗೆ.

ಕಾಕಾ ಅಂದರೆ ನಮ್ಮ ಅಪ್ಪನ ತಮ್ಮ. ಅಡತಿ ವ್ಯಾಪಾರ. ರೈತರು ತಂದು ಸುರಿದ ಕಾಳಿನ ರಾಶಿಯ ಪಕ್ಕದಲ್ಲಿ ನಿಂತು ಸವಾಲು, ಅಂದರೆ ಹರಾಜು, ಕೂಗುವುದು, ಖರೀದಿದಾರರ ಬೆಲೆಯನ್ನು ಒಬ್ಬರ ಮೇಲೊಬ್ಬರಂತೆ ಏರಿಸುವುದು ಅವರ ಕಸುಬು. ಅಲ್ಲೊಂದು ಪದ್ಧತಿ ಇತ್ತು: ಹಂಗಾಮಿನ ಮೊದಲ ಸೋಮವಾರ ಹೊಸ ತೊಗರಿಯ ಮೊದಲ ರಾಶಿಗೆ ಯಾರು ಸವಾಲು ಕೂಗುತ್ತಾರೋ, ಹಂಗಾಮು ಮುಗಿಯುವವರೆಗೆ ಕೂಗುವ ಹಕ್ಕು ಅವರದೇ. ಇದನ್ನು ಯಾವ ಕಾಯಿದೆಯಲ್ಲೂ ಬರೆದಿರಲಿಲ್ಲ. ಬರೆದಿದ್ದರೆ ಯಾರಾದರೂ ಮುರಿಯುತ್ತಿದ್ದರು. ನನಗೆ ಬುದ್ಧಿ ಬಂದಾಗಿನಿಂದ ಆ ಕೂಗು ಕಾಕಾನದು. ಅದನ್ನು ಕಸಿಯಲು ಬಾಯಿ ತೆರೆದುಕೊಂಡೇ ಕೂತವರು ಎದುರಂಗಡಿಯ ಸಾವಕಾರರು. ಅವರ ದನಿ ಎಂಥದೆಂದರೆ, ಅವರು ಚಹಾಕ್ಕೆ ಕೂಗಿದರೆ ಊರಾಚೆಯ ಮಾಣಿಕನಗರದಲ್ಲಿ ಹಾಲು ಕಾಯಿಸುತ್ತಿದ್ದರು ಎಂದು ನಮ್ಮಪ್ಪ ಹೇಳುತ್ತಿದ್ದರು.

ಡಾಕ್ಟರರು ಕಾಕಾನ ಬಾಯೊಳಗೆ ಬ್ಯಾಟರಿ ಬಿಟ್ಟು ನೋಡಿ, 'ಗಂಟಲಿಗೆ ಏನೂ ಆಗಿಲ್ಲ, ಮಾತಾಡಬೇಡಿ, ಅಷ್ಟೇ' ಎಂದರು. ಕಾಕಾ ಅದನ್ನು ಎಷ್ಟು ಶ್ರದ್ಧೆಯಿಂದ ಪಾಲಿಸಿದರೆಂದರೆ, ಅಂಗಡಿಯಿಂದ ಅಂಗಡಿಗೆ ಹೋಗಿ, ಪ್ರತಿಯೊಬ್ಬರ ಕಿವಿಯಲ್ಲೂ ಪಿಸುದನಿಯಲ್ಲಿ, 'ಡಾಕ್ಟರ್ ಮಾತಾಡಬ್ಯಾಡ ಅಂದಾರ್ರಿ' ಎಂದು ತಿಳಿಸಿ ಬಂದರು. ಸಂಜೆಯ ಹೊತ್ತಿಗೆ ಆ ಪಿಸುದನಿಯೂ ಹೋಯಿತು.

ಆಮೇಲೆ ಮನೆ ಮದ್ದಿನ ಸರದಿ ಶುರುವಾಯಿತು. ನಾನಾಗ ಬಿ.ಎಸ್ಸಿ. ಓದುತ್ತಿದ್ದೆ. ರಸಾಯನಶಾಸ್ತ್ರ ನನ್ನ ವಿಷಯ, ಚರ್ಚಾಸ್ಪರ್ಧೆ ನನ್ನ ಚಟ. ಪರವಾಗಿ ಮಾತಾಡು ಎಂದರೆ ಪರವಾಗಿ, ವಿರೋಧವಾಗಿ ಎಂದರೆ ವಿರೋಧವಾಗಿ, ಯಾರೂ ಏನೂ ಹೇಳದಿದ್ದರೆ ಎರಡೂ ಕಡೆಯಿಂದ. ಆದ್ದರಿಂದ ಕಾಕಿ ಹಾಲಿಗೆ ಅರಿಶಿಣ ಹಾಕಿ ತಂದಾಗ, ಅರಿಶಿಣದಲ್ಲಿ ಕೆಲಸ ಮಾಡುವುದು ಕರ್ಕ್ಯುಮಿನ್ ಎಂಬ ಹಳದಿ ವಸ್ತುವೆಂದೂ, ಅದು ನೀರಿನಲ್ಲಿ ಕರಗುವುದಿಲ್ಲವೆಂದೂ, ಹಾಲಿನ ಕೆನೆಯಲ್ಲಾದರೆ ಅಷ್ಟಿಷ್ಟು ಕರಗೀತೆಂದೂ, ಆದರೆ ಕಾಕಿ ಕೆನೆಯನ್ನು ಮೊದಲೇ ಬೆಣ್ಣೆಗೆಂದು ತೆಗೆದಿಟ್ಟಿರುವುದರಿಂದ ಈ ಲೋಟದಿಂದ ಆಗುವುದು ಬರೀ ಹಲ್ಲು ಹಳದಿ ಎಂದೂ ವಿವರಿಸಿದೆ. ಅವ್ವ ಅಜವಾನದ, ಅಂದರೆ ಓಮದ, ಹೊಗೆ ಕೊಟ್ಟಳು. ಅಜವಾನದಲ್ಲಿ ಇರುವುದು ಥೈಮಾಲ್, ಅದು ಕ್ರಿಮಿನಾಶಕ, ಆದರೆ ಕಾಕಾನ ಗಂಟಲಲ್ಲಿ ಇರುವುದು ಕ್ರಿಮಿಯಲ್ಲ, ಹೋದ ಹಂಗಾಮಿನ ಕೂಗು ಎಂದೆ. ಯಾರೋ ಆಡುಸೋಗೆಯ ಕಷಾಯ ಕಳಿಸಿದರು. ಅದರಲ್ಲಿರುವ ವ್ಯಾಸಿಸಿನ್ ಎದೆಯ ಕಫಕ್ಕೆ ಒಳ್ಳೆಯದು, ಕಫವೇ ಇಲ್ಲದವರಿಗೆ ಏತಕ್ಕೆ ಎಂದು ಕೇಳಿದೆ. ಅಷ್ಟರಲ್ಲಿ ಕಾಕಾ ಕುಡಿದು ಮುಖ ಕಿವುಚಿಯಾಗಿತ್ತು.

"ಏ, ಗುಣ ಆಗಬೇಕಾದವ್ರು ನಿಮ್ಮ ಕಾಕಾನೋ, ನಿಮ್ಮ ಪ್ರೊಫೆಸರೋ?" ಎಂದಳು ಅವ್ವ. "ಒಂದರೆ ದವಾ ಅವರ ಗಂಟಲಕ್ಕ ಇಳೀಲಿಕ್ಕೆ ಬಿಡವ್ವಾ. ನೀ ಅಡ್ಡ ನಿಂತು ಪರೀಕ್ಷಾ ತಗೋಳ್ಳಾಕತ್ತೀದಿ."

ಶನಿವಾರವಾದರೂ ದನಿ ಬರಲಿಲ್ಲ. ಸೋಮವಾರ ಮೊದಲ ರಾಶಿ. ಎದುರಂಗಡಿಯ ಸಾವಕಾರರು ಬಾಗಿಲಲ್ಲಿ ನಿಂತು ಸುಮ್ಮನೆ ಗಂಟಲು ಸರಿಮಾಡಿಕೊಳ್ಳತೊಡಗಿದರು. ಪ್ರತಿ ಸಲ ಅವರು ಕೆಮ್ಮಿದಾಗ ಕಾಕಾ ಗಾದಿಯ ಮೇಲೆ ಒಂದಿಷ್ಟು ಕುಗ್ಗುತ್ತಿದ್ದರು. ಆಗ ಅಪ್ಪ ತೀರ್ಪು ಕೊಟ್ಟರು: "ಕಲ್ಯಾಣದ ಆಯಿನ್ನ ಕೇಳದ ದಾರಿ ಇಲ್ಲ."

ಬಸವಕಲ್ಯಾಣವನ್ನು ನಾವು ಕಲ್ಯಾಣ ಎಂದೇ ಕರೆಯುವುದು. ಅಲ್ಲಿ ಕೋಟೆಯ ಹತ್ತಿರ ಅಪ್ಪನ ಸೋದರತ್ತೆ ಇದ್ದಳು. ನಮಗೆಲ್ಲ ಅವಳು ಆಯಿ. ಅವಳ ಹಿತ್ತಲ ಬೇಲಿಯ ತುಂಬ ಗುಲಗಂಜಿಯ ಬಳ್ಳಿ. ಅಕ್ಕಸಾಲಿಗರು ತೂಕಕ್ಕೆ ಇಟ್ಟುಕೊಳ್ಳುತ್ತಿದ್ದ, ಕೆಂಪು ಮೈಯ ಕಪ್ಪು ಕಣ್ಣಿನ ಬೀಜ ಇದೆಯಲ್ಲ, ಅದೇ. ಅದರ ಎಲೆ ಅಗಿದರೆ ಕೂತ ದನಿ ಏಳುತ್ತದೆ ಎಂದು ಭಜನೆಯವರು, ಕೀರ್ತನೆಯವರು ಎಲ್ಲ ಅವಳ ಬೇಲಿಗೆ ಬರುತ್ತಿದ್ದರು. ಆದರೆ ಅದಕ್ಕೊಂದು ಕಟ್ಟಳೆ ಇತ್ತು. ಎಲೆ ತರುವವರು ರೋಗಿಯ ಮನೆಯವರೇ ಆಗಿರಬೇಕು, ಮದುವೆಯಾಗಿರಬಾರದು, ಮತ್ತು ಟೊಂಗೆ ಮುರಿದ ಗಳಿಗೆಯಿಂದ ಎಲೆ ರೋಗಿಯ ಬಾಯಿಗೆ ಬೀಳುವವರೆಗೆ ಒಂದು ಮಾತೂ ಆಡಬಾರದು.

ಮನೆಯಲ್ಲಿ ಮದುವೆಯಾಗದೆ ಉಳಿದಿದ್ದ ದೊಡ್ಡವಳು ನಾನೊಬ್ಬಳೇ. ಎಲ್ಲರೂ ನನ್ನ ಕಡೆ ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಕಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಮುಗೀತು ಬಿಡ್ರಿ. ಸಾವಕಾರಗ ಈಗಲೇ ಪೇಟಾ ಕಟ್ಟಿ ಬರ್ರಿ" ಎಂದಳು.

ಆದರೆ ಕಾಕಾ ಎದ್ದು ಬಂದು ನನ್ನ ಮುಂದೆ ಕೈಮುಗಿದರು. ಮಾರುಕಟ್ಟೆಯನ್ನೇ ನಡುಗಿಸುತ್ತಿದ್ದ ಮನುಷ್ಯ ತುಟಿ ಅಲ್ಲಾಡಿಸಿದರೂ ಸದ್ದಿಲ್ಲ. ನಾನು ಒಪ್ಪಿದೆ. ಮನಸ್ಸಿನಲ್ಲಿ ಮಾತ್ರ ಬೇರೆ ಲೆಕ್ಕವಿತ್ತು: ಆಯಿಯ ಕಣ್ಣು ಮರೆಯಾದ ಕೂಡಲೇ ಯಾರೊಡನಾದರೂ ಧಾರಾಳವಾಗಿ ಮಾತಾಡಿಬಿಡುವುದು, ಎಲೆ ಕೊಡುವುದು, ದನಿ ಬಂದಮೇಲೆ ಎಲ್ಲರನ್ನೂ ಕೂಡಿಸಿ, 'ನೋಡಿದಿರಾ, ಕೆಲಸ ಮಾಡಿದ್ದು ಎಲೆ, ಮೌನವಲ್ಲ' ಎಂದು ಸಾಬೀತುಮಾಡುವುದು. ಇಷ್ಟು ಚೆಂದದ ಪ್ರಯೋಗ ನಮ್ಮ ಕಾಲೇಜಿನಲ್ಲೂ ಯಾರೂ ಮಾಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಆಯಿಯ ಹಿತ್ತಲಲ್ಲಿ ನಿಂತು ಮೊದಲ ಪ್ರಶ್ನೆ ಎಸೆದೆ.

"ಆಯಿ, ಎಲಿಗೂ ನನ್ನ ಮಾತಿಗೂ ಏನು ಸಂಬಂಧ?"

"ಇದು ದನಿ ದವಾ ಅದ. ದಾರಿಯಾಗ ನೀ ಮಾತಾಡಿದ್ರ ಎಲಿ ತನ್ನ ಗುಣ ನಿನಗೇ ಕೊಟ್ಟು ಬಿಡ್ತದ. ನಿನಗ ಮೊದಲೇ ಹೆಚ್ಚಾಗ್ಯಾದ."

"ಹಂಗಂದ್ರ ಬಸ್ಸಿನ ಹಾರ್ನಿಗೆ ಯಾಕ ಕೊಡಂಗಿಲ್ಲ? ಅದೂ ದಾರಿತುಂಬ ಒದರತದಲ್ಲ?"

"ಹಾರ್ನ್ ಎದುರು ಮಾತಾಡಂಗಿಲ್ಲ," ಎಂದಳು ಆಯಿ. "ಸುಮ್ಮ ನಿಂದ್ರು, ಟೊಂಗಿ ಮುರೀತೀನಿ. ಬೀಜದ ಕಾಯಿ ಹಂಗೇ ಇರತಾವ, ಕೀಳಬಾರದು. ಮುಟ್ಟಿದ್ರ ಪರವಾ ಇಲ್ಲ, ಹಲ್ಲಾಗ ಹಾಕ್ಕೊಂಡಿ ಗೀಕ್ಕೊಂಡಿ, ಹುಷಾರ್."

ಅದು ನನಗೆ ಗೊತ್ತಿತ್ತು. ಒಂದೇ ಬಳ್ಳಿ, ಎಲೆಯಲ್ಲಿ ಜ್ಯೇಷ್ಠಮಧುವಿನ ಬೇರಿನಲ್ಲಿರುವಂಥದೇ ಸಿಹಿ, ಗ್ಲಿಸಿರೈಜಿನ್ ಎಂದು ನಮ್ಮ ಪಾಠದಲ್ಲಿತ್ತು. ಬೀಜದಲ್ಲಿ ಅಬ್ರಿನ್ ಎಂಬ ಘೋರ ವಿಷ. ಬೀಜ ಇಡಿಯಾಗಿ ಹೊಟ್ಟೆಗೆ ಹೋದರೆ ಗಟ್ಟಿ ಸಿಪ್ಪೆಯಿಂದಾಗಿ ಹಾಗೇ ಹೊರಬೀಳಬಹುದು, ಹಲ್ಲಿಗೆ ಸಿಕ್ಕಿ ಒಡೆಯಿತೋ ಪ್ರಾಣಕ್ಕೆ ಸಂಚಕಾರ. ಇದನ್ನೆಲ್ಲ ಆಯಿಗೆ ಹೇಳಬೇಕೆಂದು ಬಾಯಿ ತೆರೆದೆ. ಟೊಂಗೆ ಚಟ್ಟನೆ ಮುರಿಯಿತು. ಆಯಿ ನನ್ನ ತೆರೆದ ಬಾಯಿಗೆ ಒಂದು ಎಲೆಯನ್ನಿಟ್ಟು ಗದ್ದ ಎತ್ತಿ ಮುಚ್ಚಿದಳು.

ಇದು ಕಟ್ಟಳೆಯ ಎರಡನೆಯ ಭಾಗ, ಮನೆಯವರು ನನಗೆ ಹೇಳದೆ ಬಿಟ್ಟದ್ದು. ತರುವವರ ತುಟಿಗಳ ನಡುವೆ ಒಂದು ಎಲೆ. ಮಾತಾಡಿದರೆ ಬೀಳುತ್ತದೆ, ಬಿದ್ದರೆ ಲೋಕಕ್ಕೆಲ್ಲ ಕಾಣುತ್ತದೆ. ಗುಲಗಂಜಿಯ ಎಲೆ ಹುಣಸೆ ಎಲೆಯ ಹಾಗೆ, ನಡುವೆ ಕಡ್ಡಿ, ಎರಡೂ ಕಡೆ ಸಣ್ಣ ಸಣ್ಣ ದಳ. ಅದನ್ನು ಕಚ್ಚಿಕೊಂಡು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಟೊಂಗೆಯನ್ನು ಎದೆಯ ಮುಂದೆ ಹಿಡಿದು ನಾನು ರಸ್ತೆಗಿಳಿದಾಗ, ಬೇಲಿ ಮೇಯುತ್ತಿದ್ದ ಮೇಕೆಯೊಂದು ತನ್ನವರು ಯಾರೋ ಬಂದರು ಎನ್ನುವಂತೆ ತಲೆಯೆತ್ತಿ ನೋಡಿತು.

ಮೂಲೆ ತಿರುಗಿದ ಕೂಡಲೇ ಪ್ರಯೋಗ ಶುರುಮಾಡಬೇಕೆಂದುಕೊಂಡೆ. ಎದುರಿಗೆ ಬಂದ ಹೂವಿನ ಹೆಂಗಸಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಲು ಎಲೆಯನ್ನು ಬಾಯಿಂದ ತೆಗೆಯಹೋದೆ. ಅವಳು ಬುಟ್ಟಿ ಇಳಿಸಿ ಓಡಿಬಂದು ನನ್ನ ಕೈ ಹಿಡಿದಳು. "ಏ ಏ ಏ, ಬ್ಯಾಡ ನನ್ನವ್ವಾ! ಬಸ್ ನಿಂತದ, ನಡಿ ನಡಿ!" ಎಂದು ರಸ್ತೆಯವರಿಗೆಲ್ಲ ಕೇಳುವಂತೆ, "ಹಾದಿ ಬಿಡ್ರಿ, ದವಾ ಹೊಂಟದ! ಯಾರೂ ಮಾತಾಡಸಬ್ಯಾಡ್ರಿ!" ಎಂದು ಕೂಗಿದಳು. ಆಯಿಯ ಎಲೆ ಕಲ್ಯಾಣದವರಿಗೆಲ್ಲ ಗೊತ್ತು ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಬಸ್ ನಿಲ್ದಾಣದವರೆಗೆ ಜನ ಬಾಯಿಗೆ ಬೆರಳಿಟ್ಟು ನನಗೆ ದಾರಿ ಬಿಟ್ಟರು. ಕಾಲೇಜಿನ ವೇದಿಕೆಯಲ್ಲಿ ಇಷ್ಟು ದೊಡ್ಡ ಸಭೆ ಇಷ್ಟು ಮೌನವಾಗಿ ನನಗೆಂದೂ ಸಿಕ್ಕಿರಲಿಲ್ಲ. ಸಿಕ್ಕ ದಿನ ಬಾಯಲ್ಲಿ ಎಲೆ.

ಬಸ್ಸಿನಲ್ಲಿ ಮಂಠಾಳದ ಮುದುಕಿಯೊಬ್ಬಳು ಮಡಿಲಲ್ಲಿ ಮೇಕೆಮರಿ ಇಟ್ಟುಕೊಂಡು ಕೂತಿದ್ದಳು. ನನ್ನನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡು, ಆ ಗಳಿಗೆಯಿಂದ ನನ್ನ ಕಾವಲಿಗೆ ನಿಂತಳು. ಕಂಡಕ್ಟರ್ ಬಂದು, "ಎಲ್ಲಿಗ್ರಿ?" ಎಂದ.

"ಕಣ್ಣಿಲ್ಲೇನು ನಿನಗ?" ಮುದುಕಿ ರೇಗಿದಳು. "ಎಲಿ ಹಿಡದಾಳ. ನೀನೇ ಊರ ಹೆಸರು ಹೇಳ್ತಾ ಹೋಗು, ತಲಿ ಹಾಕ್ತಾಳ."

ಕಂಡಕ್ಟರ್ ರಾಜೇಶ್ವರದಿಂದ ಹಿಡಿದು ಹೇಳುತ್ತ ಹುಮನಾಬಾದಿಗೆ ಬಂದಾಗ ತಲೆ ಅಲ್ಲಾಡಿಸಿದೆ. ಚೀಟಿ ಹರಿದುಕೊಟ್ಟು ಅವನು ಅಲ್ಲೇ ನಿಂತ. ಟೊಂಗೆಯನ್ನು ನೋಡಿದ. ಕೆಮ್ಮಿದ.

"ದಿನಾ ಒದರಿ ಒದರಿ ನಂದೂ ಗಂಟಲಾ ಹೋಗ್ಯಾದ್ರಿ. ಒಂದೇ ಎಲಿ ತಗೋತೀನಿ. ಬ್ಯಾಡಂದ್ರ ಬ್ಯಾಡ ಅನ್ರಿ."

ನಾನು ಕಣ್ಣರಳಿಸಿದೆ. ತಲೆಯನ್ನು ಎಡಕ್ಕೂ ಬಲಕ್ಕೂ ಜೋರಾಗಿ ಆಡಿಸಿದೆ. ನಮ್ಮ ಕಡೆಯ ಬಸ್ಸು, ನಮ್ಮ ಕಡೆಯ ರಸ್ತೆ. ಬಸ್ಸಿನಲ್ಲಿ ಕೂತ ಎಲ್ಲರ ತಲೆಯೂ ಎಡಕ್ಕೂ ಬಲಕ್ಕೂ ಆಡುತ್ತಿತ್ತು. ಅವನು ಎಲೆ ಕಿತ್ತು ಬಾಯಿಗೆ ಹಾಕಿಕೊಂಡು, "ಅರೇ, ಏನು ಸಿಹಿ ಅದ!" ಎಂದು ಬಸ್ಸಿಗೆಲ್ಲ ಸಾರಿದ.

ಅಲ್ಲಿಂದ ಶುರು. ಹಿಂದಿನ ಸೀಟಿನಲ್ಲಿ ತಾಳ ಹಿಡಿದ ಭಜನೆಯವರಿದ್ದರು. "ಸಂಜಿಗೆ ಮಾಣಿಕನಗರದಾಗ ನಮ್ಮ ಭಜನಿ ಅದ ತಂಗಿ. ದನಿ ನೋಡು, ಒಡದ ಗಡಗಿ ಆಗ್ಯಾದ. ನಿನಗ ಪುಣ್ಯ ಬರತದ. ಬ್ಯಾಡಂದ್ರ ಬ್ಯಾಡ ಅನ್ನು." ಒಂದು ಎಲೆ ಹೋಯಿತು. ಮುದುಕಿಯ ಮೇಕೆಮರಿ ಯಾರನ್ನೂ ಕೇಳದೆ ಒಂದನ್ನು ಜಗಿಯಿತು. ನಾನು ಅವಳ ಕಡೆ ಕೆಕ್ಕರಿಸಿದರೆ, "ಅದಕ್ಕೂ ಗಂಟಲಾ ಅದ ಅಲ್ಲೇನವ್ವ" ಎಂದಳು. ಮೌನವೇ ಒಪ್ಪಿಗೆಯ ಲಕ್ಷಣ ಎಂದು ಚರ್ಚೆಗಳಲ್ಲಿ ನಾನೇ ಎಷ್ಟೋ ಸಲ ಎದುರಾಳಿಗಳ ಬಾಯಿ ಮುಚ್ಚಿಸಿದ್ದೆ. ಆ ಸೂತ್ರ ಎಂಥ ಲೂಟಿಗೆ ದಾರಿ ಎಂದು ಆವತ್ತು ತಿಳಿಯಿತು.

ನೀವು ಕೇಳಬಹುದು: ಮಾತಾಡಬೇಕೆಂದೇ ಹೊರಟವಳಿಗೆ, ಮೌನವನ್ನು ನಂಬದವಳಿಗೆ, ಒಂದು 'ಬ್ಯಾಡ' ಅನ್ನಲು ಏನು ಧಾಡಿ? ನಾನೂ ಅದನ್ನೇ ಕೇಳಿಕೊಂಡೆ. ನಾನು ನಂಬುವುದಿಲ್ಲ, ಸರಿ. ಆದರೆ ಕಾಕಾ ನಂಬುತ್ತಾರೆ. ಗುಟ್ಟಾಗಿ ಮಾತಾಡಿದ್ದರೆ ಪ್ರಯೋಗ. ಇಡೀ ಬಸ್ಸಿನ ಮುಂದೆ ಮಾತಾಡಿದರೆ ನನಗಿಂತ ಮೊದಲು ಸುದ್ದಿ ಮನೆಗೆ ಹೋಗುತ್ತದೆ, ಕಾಕಾ ಎಲೆಯನ್ನು ಮುಟ್ಟುವುದಿಲ್ಲ, ಗ್ಲಿಸಿರೈಜಿನ್ ಟೊಂಗೆಯಲ್ಲೇ ಉಳಿಯುತ್ತದೆ, ಸೋಮವಾರದ ಕೂಗು ಎದುರಂಗಡಿಗೆ. ಮಾತಾಡಿದರೆ ಎಲೆ ಉಳಿಯುತ್ತದೆ, ತಿನ್ನುವವರಿಲ್ಲ. ಮಾತಾಡದಿದ್ದರೆ ತಿನ್ನುವವರಿದ್ದಾರೆ, ಎಲೆ ಉಳಿಯುವುದಿಲ್ಲ. ತುಟಿಯ ನಡುವಿನ ಎಲೆಯ ಸಿಹಿ ನಾಲಿಗೆಗೆ ಇಳಿದು ಬಾಯಿತುಂಬ ನೀರೂರುತ್ತಿತ್ತು. ಅದನ್ನು ನುಂಗುತ್ತ ಟೊಂಗೆಯನ್ನು ಸೆರಗಿನೊಳಗೆ ಮುಚ್ಚಿಕೊಳ್ಳಹೋದೆ. "ಮುಚ್ಚಬಾರದವ್ವ, ಎದರಿಗೇ ಹಿಡೀಬೇಕು" ಎಂದು ಮುದುಕಿ ಸೆರಗು ಸರಿಸಿದಳು. ಕಾವಲೆಂದರೆ ಕಾವಲು.

ರಾಜೇಶ್ವರದಲ್ಲಿ ಬಸ್ಸು ನಿಂತಿತು. ಹತ್ತಿದವರು ಯಾರು? ಎದುರಂಗಡಿಯ ಸಾವಕಾರರು. ರೈತರಿಗೆ ನಾಳೆಯ ಸುದ್ದಿ ಹೇಳಿ, ಹುರಿದುಂಬಿಸಿ, ಅಲ್ಲಿಯ ಬಜ್ಜಿ ತಿಂದು ಬಂದಿದ್ದರು. ನನ್ನನ್ನು ನೋಡಿದರು, ಬಾಯಲ್ಲಿಯ ಎಲೆಯನ್ನು ನೋಡಿದರು, ಟೊಂಗೆಯನ್ನು ನೋಡಿದರು. ಅವರ ಮುಖದ ತುಂಬ ಹಬ್ಬ.

"ಓಹೋಹೋ! ಚರ್ಚಾ ರಾಣಿ ಮೂಕ ಆಗ್ಯಾಳ!" ಎನ್ನುತ್ತ ಎದುರು ಸೀಟಿನಲ್ಲಿ ನನ್ನ ಕಡೆ ತಿರುಗಿ ಕೂತರು. "ಕಾಕಾಗ ಒಯ್ಯಾಕತ್ತೀದೇನು? ಛಲೋ ಆತು. ನನಗೂ ನಾಳೆ ಒದರೋದದ ನೋಡು. ಒಂದೆರಡು ಎಲಿ ತಗೋತೀನಿ. ಬ್ಯಾಡಂದ್ರ ಬ್ಯಾಡ ಅನ್ನು ತಂಗಿ."

ಒಂದೆರಡು ಎಂದವರು ಹಿಡಿ ಕಿತ್ತರು. ನಾನು ಟೊಂಗೆಯನ್ನು ಕಿಟಕಿಯ ಕಡೆ ಎಳೆದರೆ ಅವರ ಕೈಯೂ ಕಿಟಕಿಗೆ ಬಂತು. ಬಾಯಿತುಂಬ ಅಗಿಯುತ್ತ ಇನ್ನೊಂದು ಆಯುಧ ತೆಗೆದರು. "ಅಲ್ಲಾ, ಹೆಣ್ಣಮಕ್ಕಳು ಸೈನ್ಸ್ ಓದಿ ಏನು ಮಾಡ್ತಾರ? ಕಡೀಗಿ ಎಲಿನೇ ಹೊರಬೇಕಲ್ಲ?" ಬಸ್ಸು ನಕ್ಕಿತು. "ಚಂದ್ರನ ಮ್ಯಾಲ ಮನಶಾ ಹೋಗಿದ್ದೂ ಪೂರಾ ಸುಳ್ಳು ಬಿಡು. ಹೋಗಿದ್ರ ಹುಣ್ಣಿವಿ ದಿನ ಕಾಣತಿದ್ದಿಲ್ಲೇನು?" ಉತ್ತರ ಒಂದಲ್ಲ, ಐದಾರು ನಾಲಿಗೆಯ ತುದಿಗೆ ಬಂದು ಎಲೆಗೆ ಢಿಕ್ಕಿ ಹೊಡೆದು ಹಿಂದಕ್ಕೆ ಹೋದವು. ಮುದುಕಿ ನನ್ನ ತೊಡೆ ಹಿಸುಕಿ, "ಗಟ್ಟಿ ಹಿಡಿ, ಗಟ್ಟಿ ಹಿಡಿ" ಎನ್ನುತ್ತಿದ್ದಳು. ಮೇಕೆಮರಿ ಮಾತ್ರ ನನ್ನ ಪರವಾಗಿ ಒಮ್ಮೆ ಒದರಿತು.

ಹುಮನಾಬಾದ್ ಹತ್ತಿರವಾಯಿತು. ಟೊಂಗೆಯಲ್ಲಿ ಉಳಿದದ್ದು ತುದಿಯ ನಾಲ್ಕಾರು ಎಲೆ, ಮತ್ತು ಬಾಯಿಬಿಟ್ಟ ಕಾಯಿಗಳಲ್ಲಿ ಕೆಂಪು ಬೀಜ. ಸಾವಕಾರರ ಕಣ್ಣು ಬೀಜದ ಮೇಲೆ ಬಿತ್ತು.

"ಏ, ಎಲಿನೇ ಇಷ್ಟು ಸಿಹಿ ಅದ ಅಂದ್ರ ಬೀಜದಾಗ ಎಷ್ಟಿರಬೇಕು? ಕಡ್ಲಿ ಗಿಡದಾಗ ನಾವೇನು ತೊಪ್ಪಲಾ ಮಾರ್ತೀವೇನು? ಅಸಲಿ ಮಾಲು ಕಾಳಿನಾಗೇ ಇರತದ."

ಕಾಳಿನ ವ್ಯಾಪಾರಿಯೇ ಮಾಡಬಹುದಾದ ತಪ್ಪು ಅದು. ಜೀವಮಾನವೆಲ್ಲ ಕಾಳು ಒಯ್ದು ಸೊಪ್ಪೆಯನ್ನು ದನಕ್ಕೆ ಬಿಟ್ಟ ಮನುಷ್ಯ. ಅವರು ಬೀಜಗಳನ್ನು ಉದುರಿಸಿ, ಮಾರುಕಟ್ಟೆಯಲ್ಲಿ ತೊಗರಿ ನೋಡುವಂತೆ ಅಂಗೈಯಲ್ಲಿ ಆಡಿಸಿ ನೋಡಿದರು. ಆಮೇಲೆ ಕಾಳಿನ ಗುಣ ನೋಡಲು ಅವರು ಯಾವಾಗಲೂ ಏನು ಮಾಡುತ್ತಾರೋ ಅದನ್ನೇ ಮಾಡಿದರು. ಬಾಯಿಗೆ ಎಸೆದುಕೊಂಡು, ದವಡೆ ಹಲ್ಲಿಗೆ ಕೊಟ್ಟು, ಕಡಿಯಲು ಗದ್ದ ಎತ್ತಿದರು.

"ಉಗುಳ್ರೀ!"

ಆ ಕೂಗು ನನ್ನದೆಂದು ನನಗೆ ತಿಳಿದದ್ದು ಎಲೆ ಹಾರಿ ಸಾವಕಾರರ ಟೋಪಿಯ ಮೇಲೆ ಕೂತಾಗ. ಡ್ರೈವರ್ ಬ್ರೇಕ್ ಒತ್ತಿದ. ಸಾವಕಾರರು ಗಾಬರಿಯಲ್ಲಿ ಉಗುಳಿದರು. ಕೆಂಪು ಬೀಜಗಳು ಬಸ್ಸಿನ ನೆಲದ ಮೇಲೆ ಟಣಟಣ ಉರುಳಿದವು. ಮುದುಕಿ ಹಣೆಹಣೆ ಬಡಿದುಕೊಂಡಳು: "ಹೋತವ್ವಾ, ದವಾ ಹೋತು! ಊರ ಬಾಗಿಲದಾಗ ತಂದು ಕೆಡಿಸಿದೆಲ್ಲ!"

"ಕೆಡಲಿ! ಅದು ವಿಷ! ಅದರಾಗ ಅಬ್ರಿನ್ ಅದ!" ಒಂದು ಸಲ ಕಟ್ಟೆ ಒಡೆದ ಮೇಲೆ ಅಲ್ಲಿಗೇ ನಿಲ್ಲುವುದು ನನ್ನಿಂದಾಗದು. ಅಬ್ರಿನ್ ಜೀವಕೋಶಗಳಿಗೆ ಏನು ಮಾಡುತ್ತದೆ, ಹೊಟ್ಟೆಗೆ ಏನಾಗುತ್ತದೆ, ಲಕ್ಷಣಗಳು ಕೂಡಲೇ ಕಾಣದೆ ಒಂದೊಂದು ಸಲ ಮರುದಿನವೋ ಆಮೇಲೋ ಹೇಗೆ ಶುರುವಾಗುತ್ತವೆ, ಅದಕ್ಕೆ ಮದ್ದೇ ಇಲ್ಲವೆಂದು ಪುಸ್ತಕದಲ್ಲಿ ಹೇಗಿದೆ ಎಲ್ಲವನ್ನೂ ಹೇಳಿದೆ. ಅದೇ ಉಸಿರಿನಲ್ಲಿ ಚಂದ್ರನ ಮೇಲೆ ಹೋದ ಮನುಷ್ಯ ಹುಣ್ಣಿಮೆಯ ದಿನ ಏಕೆ ಕಾಣುವುದಿಲ್ಲವೆಂದೂ, ಹೆಣ್ಣುಮಕ್ಕಳು ವಿಜ್ಞಾನ ಓದಿ ಏನು ಮಾಡುತ್ತಾರೆಂದರೆ ಸಾವಕಾರರ ಬಾಯಿಂದ ಬೀಜ ಉಗುಳಿಸುತ್ತಾರೆಂದೂ ಸೇರಿಸಿದೆ. ಕೊನೆಯಲ್ಲಿ, ನೀವು ಕಡಿದಿಲ್ಲ, ಬೀಜ ಇಡಿಯಾಗೇ ಬಿದ್ದಿವೆ, ನೀರಿನಿಂದ ಬಾಯಿ ಮುಕ್ಕಳಿಸಿದರೆ ಸಾಕು, ನಿಮಗೇನೂ ಆಗುವುದಿಲ್ಲ ಎಂದೂ ಸ್ಪಷ್ಟವಾಗಿ ಹೇಳಿದೆ. ಆದರೆ ಅವರು 'ಮರುದಿನ' ಎಂಬಲ್ಲಿಗೇ ಕೇಳುವುದನ್ನು ನಿಲ್ಲಿಸಿದ್ದರು.

ನೆಲದ ಮೇಲಿನ ಬೀಜಗಳನ್ನು ಒಂದೂ ಬಿಡದೆ ಆರಿಸಿ ಬಟ್ಟೆಯ ತುದಿಗೆ ಗಂಟು ಕಟ್ಟಿದೆ. ಸಾವಕಾರರು ಕಂಡಕ್ಟರನ ತಂಬಿಗೆಯ ನೀರನ್ನೆಲ್ಲ ಮುಕ್ಕಳಿಸಿ ಖಾಲಿಮಾಡಿದರು. "ಕಡದಿದ್ದಿಲ್ಲ ತಂಗಿ, ಬರೇ ಹಲ್ಲಿನ ಮ್ಯಾಲ ಇಟ್ಟಿದ್ದೆ. ಹಲ್ಲಿನ ಮ್ಯಾಲ ಇಟ್ರ ಏನೂ ಆಗಂಗಿಲ್ಲಲ್ಲ?"

"ಆಗಂಗಿಲ್ರಿ ಸಾವಕಾರ್ರೇ, ಹೇಳಿದ್ನೆಲ್ಲ."

"ಜರಾ ಜೋರ್ ಇಟ್ಟಿದ್ರ?"

ನಿಲ್ದಾಣದಿಂದ ನಾನು ಅಂಗಡಿಗೆ ಬರುವಷ್ಟರಲ್ಲಿ ಭಜನೆಯವರೂ ಕಂಡಕ್ಟರನೂ ಸುದ್ದಿ ತಲುಪಿಸಿದ್ದರು. ಗಾದಿಯ ಮೇಲೆ ಕಾಕಾ ತುಟಿ ಬಿಗಿದು ಕೂತಿದ್ದರು. ಕಾಕಿ ಬಾಗಿಲಲ್ಲೇ ತಡೆದಳು: "ಮಾತಾಡಿದೆಂತಲ್ಲ?"

"ಮಾತಾಡಿದೆ. ಒಬ್ಬರ ಜೀವ ಉಳೀತು."

"ಯಾರದು?"

"ಎದುರಂಗಡಿ ಸಾವಕಾರರದು."

ಕಾಕಿ, ಜೀವ ಉಳಿದದ್ದು ಒಳ್ಳೆಯದೇ ಎನ್ನುವಂತೆ ಅರ್ಧ ತಲೆ ಹಾಕಿ, ಉಳಿದ ಅರ್ಧವನ್ನು ತಡೆದುಕೊಂಡಳು.

ನಾನು ಕಾಕಾನ ಮುಂದೆ ಕೂತು, ಕೆಟ್ಟದ್ದು ಕಟ್ಟಳೆ, ಎಲೆಯಲ್ಲ ಎಂದು ವಾದ ಮಂಡಿಸಿದೆ. ಕಾಕಾ ಮುಖ ಆ ಕಡೆ ತಿರುಗಿಸಿದರು. ಆ ಕಡೆ ಹೋಗಿ ಕೂತು ಮುಂದುವರಿಸಿದೆ. ಈ ಕಡೆ ತಿರುಗಿಸಿದರು. ನಮ್ಮ ಮನೆಯಲ್ಲಿ ನಾನೊಬ್ಬಳೇ ಪೂರ್ತಿ ಮಾತಾಡಿ ಮುಗಿಸಿದ ಮೊದಲ ವಾದ ಅದು, ಎದುರಾಳಿಗೆ ದನಿ ಇಲ್ಲದ್ದರಿಂದ. ಆದರೂ ಅವರು ಬಾಯಿ ತೆರೆಯಲಿಲ್ಲ. ಆಗ ಬಸ್ಸಿನಲ್ಲಿ ಕಲಿತ ಪಾಠ ನೆನಪಾಯಿತು. ಉಳಿದ ಎಲೆಗಳನ್ನೆಲ್ಲ ಒಟ್ಟಿಗೆ ಕಿತ್ತು ಮುದ್ದೆಮಾಡಿ ಅವರ ತುಟಿಯ ಹತ್ತಿರ ಹಿಡಿದೆ.

"ಕಾಕಾ, ಬಾಯಾಗ ಇಡ್ತೀನಿ. ಬ್ಯಾಡಂದ್ರ ಬ್ಯಾಡ ಅನ್ರಿ."

ಕಾಕಾನ ಕಣ್ಣು ಕೆಂಪಾದವು. ಕೊರಳ ನರ ಉಬ್ಬಿದವು.

"ಅನ್ರಿ ಮತ್ತ. ಅನ್ನಂಗಿಲ್ಲಂದ್ರ ಒಪ್ಪಿಗಿ ಅಂತ ತಿಳಕೋತೀನಿ."

ಅವರು ಬಾಯಿ ತೆರೆದರು. ಎಲೆ ಒಳಗೆ ಹೋಯಿತು. ಅದರ ಹಿಂದೆಯೇ, ಅವರ ಎದೆಯ ಯಾವುದೋ ಮೂಲೆಯಿಂದ, ಸಣ್ಣಗೆ, ಸೀಳಾಗಿ, ಆದರೆ ಎಲ್ಲರಿಗೂ ಕೇಳುವಂತೆ ಹೊರಬಂತು:

"ಬ್ಯೇ... ಬ್ಯೇಏಏಡ!"

ಅಪ್ಪ, ಅವ್ವ, ಕಾಕಿ, ರಸ್ತೆಯಲ್ಲಿ ನಿಂತವರು ಎಲ್ಲರೂ ಗಾದಿಯ ಸುತ್ತ ಕೂಡಿದರು. ಕಾಕಾ ತಮ್ಮ ಗಂಟಲನ್ನು ತಾವೇ ಮುಟ್ಟಿ ನೋಡಿಕೊಂಡರು. ಆಮೇಲೆ ಎಲೆಯನ್ನು ಉಗುಳದೆ ಮೆಲ್ಲಗೆ ಅಗಿಯತೊಡಗಿದರು. ಆ ರಾತ್ರಿಯೆಲ್ಲ ಯಾರೂ ಅವರನ್ನು ಮಾತಾಡಿಸಲಿಲ್ಲ. ನನ್ನನ್ನು ಅವ್ವ ಅಡಿಗೆಮನೆಯಲ್ಲೇ ಇಟ್ಟುಕೊಂಡಳು.

ಸೋಮವಾರ ಹೊಸ ತೊಗರಿಯ ಮೊದಲ ರಾಶಿ ಬಿತ್ತು. ಖರೀದಿದಾರರು ಸುತ್ತ ನೆರೆದರು. ಎಲ್ಲರ ಕಣ್ಣು ಎದುರಂಗಡಿಯ ಮೇಲೆ. ಸಾವಕಾರರು ಬರಲಿಲ್ಲ. ಅವರು ಮನೆಯಲ್ಲಿ ಕಂಬಳಿ ಹೊದ್ದು, ಒಂದು ಕೈಯಿಂದ ಇನ್ನೊಂದು ಕೈಯ ನಾಡಿ ಹಿಡಿದುಕೊಂಡು, ಲಕ್ಷಣಗಳು ಶುರುವಾಗುವುದನ್ನೇ ಕಾಯುತ್ತ ಕೂತಿದ್ದರು. ಡಾಕ್ಟರರು ನೋಡಿ ಏನೂ ಇಲ್ಲವೆಂದರೂ, "ಇವತ್ತ ಕಾಣಂಗಿಲ್ರಿ, ಆಮ್ಯಾಲ ಕಾಣತದ, ಆ ಹುಡಿಗಿ ಪೂರಾ ಹೇಳ್ಯಾಳ" ಎಂದು ಅವರಿಗೇ ತಿಳಿಸಿ ಹೇಳಿದರಂತೆ.

ಕಾಕಾ ರಾಶಿಯ ಪಕ್ಕ ನಿಂತು ಸವಾಲು ಶುರುಮಾಡಿದರು. ಅದು ಅವರ ದನಿಯಾಗಿರಲಿಲ್ಲ. ಮಂಠಾಳದ ಮುದುಕಿಯ ಮಡಿಲಲ್ಲಿದ್ದ ಮರಿಯ ದನಿ. ಪ್ರತಿ ಕೂಗಿನ ಕೊನೆಗೆ ಒಂದು 'ಬ್ಯೇಏ' ಬರುತ್ತಿತ್ತು. ಮೊದಲು ಹಮಾಲರು ನಕ್ಕರು, ಆಮೇಲೆ ರೈತರು. ಏನಿದು ಎಂದು ಬೇರೆ ಸಾಲಿನವರೂ ಓಡಿಬಂದರು. ನಗುನಗುತ್ತಲೇ ಸವಾಲು ಏರಿತು. ಮೊದಲ ರಾಶಿ ಕಾಕಾನ ಕೂಗಿಗೇ ಮುಗಿಯಿತು. ಹಂಗಾಮು ಅವರದಾಯಿತು.

ಆಮೇಲೆ ನಾನು ಕಲ್ಯಾಣಕ್ಕೆ ಹೋದೆ, ವಾದವನ್ನು ಕೊನೆಮುಟ್ಟಿಸಲು. ಆಯಿ ಬೇಲಿಯ ಹತ್ತಿರ ಕೂತು ಒಣ ಕಾಯಿ ಬಿಡಿಸುತ್ತಿದ್ದಳು.

"ಆಯಿ, ಮಾತಾಡಿದೆ. ಬಸ್ ಪೂರಾ ಕೇಳ್ಯಾದ. ಆದರೂ ದನಿ ಬಂತು. ಈಗೇನಂತಿ?"

ಆಯಿ ತಲೆಯೆತ್ತಲಿಲ್ಲ. "ಎಂಥಾ ದನಿ ಬಂತು?"

ನಾನು ತಡವರಿಸಿದೆ. "ಸ್ವಲ್ಪ... ಮ್ಯಾಕಿ ಹಂಗ."

"ಅದೇ ಮತ್ತ. ನೀ ಸುಮ್ಮ ಬಂದಿದ್ರ ಹುಲಿ ಹಂಗ ಬರತಿತ್ತು."

ಇದಕ್ಕೆ ಉತ್ತರ ಕೊಡಲು ಒಂದೇ ದಾರಿ: ಕಾಕಾನ ದನಿ ಇನ್ನೊಮ್ಮೆ ಕೂರಬೇಕು, ನಾನು ಬಾಯಿ ಮುಚ್ಚಿಕೊಂಡು ಎಲೆ ತಂದು ನೋಡಬೇಕು. ಈಗಲೂ ಪ್ರತಿ ತೊಗರಿ ಹಂಗಾಮಿನ ಮೊದಲು ಅಂಗಡಿಯ ಬಾಗಿಲಲ್ಲಿ ನಿಂತು, "ಕಾಕಾ, ಗಂಟಲಾ ಹ್ಯಾಂಗದ? ಕಲ್ಯಾಣಕ್ಕ ಹೋಗಿ ಬರಲೇನು?" ಎಂದು ಕೇಳುತ್ತೇನೆ.

"ಬ್ಯಾಡ!" ಎನ್ನುತ್ತಾರೆ ಕಾಕಾ. ಎದುರಂಗಡಿಯವರಿಗೂ ಕೇಳಿಸುತ್ತದೆ.